ಪಕ್ಕವಾದ್ಯದ ನ್ಯಾಯ

ಸೌಹಾರ್ದ ಎಂಬ ಪದ ಈಚೆಗೆ ಬಹಳ ಅಗ್ಗವಾಗಿದೆ. ಎರಡು ಜಾತಿಯವರೋ ಎರಡು ಧರ್ಮದವರೋ ಒಂದೇ ವೇದಿಕೆಯಲ್ಲಿ ಕಂಡರೆ ಸಾಕು, ನಾವು ಆ ಪದವನ್ನು ಬಳಸಿಬಿಡುತ್ತೇವೆ. ಆದರೆ ಕೂಡಿ ನುಡಿಸಿದ ಮಾತ್ರಕ್ಕೆ ನುಡಿಸಿದವರು ಸಮಾನರಾದರೇ? ಈ ಪ್ರಶ್ನೆಯನ್ನು ಸಂಗೀತದ ಮುಂದೆಯೇ ಇಟ್ಟು ನೋಡೋಣ.

ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಜಾಝ್‌ನಲ್ಲಿ ಪಿಯಾನೊ, ಬಾಸ್, ಡ್ರಮ್ ಎಂಬ ಮೂರು ವಾದ್ಯಗಳ ಮೇಳವೊಂದುಂಟು. ಬಹುಕಾಲ ಅದರಲ್ಲಿ ಪಿಯಾನೊದ್ದೇ ಯಜಮಾನಿಕೆ. ಬಾಸ್ ಎಂಬ ದೊಡ್ಡ ತಂತಿವಾದ್ಯಕ್ಕೆ ಹೆಚ್ಚಾಗಿ ಲಯ ಕಾಯುವ ಕೆಲಸ. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಬಿಲ್ ಇವಾನ್ಸ್, ಸ್ಕಾಟ್ ಲಫಾರೊ, ಪಾಲ್ ಮೋಷನ್ ನುಡಿಸಿದ್ದು ಧ್ವನಿಮುದ್ರಣವಾಯಿತು. ಅಲ್ಲಿ ಲಫಾರೊ ಅವರ ಬಾಸ್ ಹಿಂದೆ ನಿಂತು ಲಯ ಕಾಯುವುದಿಲ್ಲ. ಪಿಯಾನೊಗೆ ಎದುರು ಮಾತಾಡುತ್ತದೆ. ಯಜಮಾನ ಸುಮ್ಮನಾಗಿ ಆಳಿನ ಮಾತು ಕೇಳಿದ ಹಾಗೆ. ಇವಾನ್ಸ್ ಅವರ ಸಾಹಸ ಬೆರಳಿನಲ್ಲಿ ಎಷ್ಟಿತ್ತೋ ಕಿವಿಯಲ್ಲೂ ಅಷ್ಟೇ ಇತ್ತು. ಹನ್ನೊಂದನೆಯ ದಿನ ಲಫಾರೊ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 25 ವರ್ಷ.

ಇಂಥ ಸಾಹಸ ಕನ್ನಡ ನಾಡಿನವರಿಂದಲೂ ನಡೆದಿದೆ. ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಬೋಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ತಂದಿತು. ಹೊರತಂದದ್ದು ಜರ್ಮನಿಯ ಇಸಿಎಂ ಸಂಸ್ಥೆ. ಅದರಲ್ಲಿ ಪಿಯಾನೊ ಇಲ್ಲ, ಡ್ರಮ್ ಸೆಟ್ಟೂ ಇಲ್ಲ. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ, ಟಿ.ಎನ್. ಶಶಿಕುಮಾರ್ ಅವರ ಖಂಜಿರ ಇವೆ. ರಚನೆ ಮತ್ತು ಕಂಠ ಆರ್.ಎ. ರಮಾಮಣಿಯವರದು. ಮರಿಯಾನೊ ಅದಕ್ಕೂ ಮೊದಲೇ ನಾಗಸ್ವರ ಕಲಿತಿದ್ದವರು. ಹೊದಿಕೆಯ ಮೇಲೆ ಮೊದಲು ಅಚ್ಚಾಗಿರುವುದು ಅವರ ಹೆಸರು. ಆದರೆ ಧ್ವನಿಮುದ್ರಿಕೆ ಶುರುವಾಗುವುದು ರಮಾಮಣಿಯವರ ದನಿಯಿಂದ.

ಇದು ಕೊಡುಕೊಳ್ಳುವಿಕೆಯೋ, ದೊಡ್ಡ ಹೆಸರಿನ ಕೆಳಗೆ ನಮ್ಮ ವಿದ್ಯೆಯ ಮಾರಾಟವೋ ಎಂದು ಯಾರಾದರೂ ಕೇಳಬಹುದು. ಕೇಳುವುದು ಸರಿಯೇ. ಹೊದಿಕೆಯ ಕ್ರಮ ಮಾರುಕಟ್ಟೆ ಕಲಿಸಿದ್ದು. ಆದರೂ ಬಂದ ಅತಿಥಿ ಮನೆಯ ರಾಗತಾಳಕ್ಕೆ ಒಪ್ಪಿ ನಡೆದರು, ಮನೆಯವರು ಬಾಗಿಲು ತೆರೆದರು, ಖಂಜಿರದವರ ಹೆಸರೂ ಬಿಟ್ಟುಹೋಗಲಿಲ್ಲ. ಕರ್ನಾಟಕ ಸಂಗೀತದಲ್ಲಿ ಪಕ್ಕವಾದ್ಯ ಎಂಬ ಒಳ್ಳೆಯ ಮಾತಿದೆ. ಅದಕ್ಕೆ ಹಿಂದಿನದು, ಕೆಳಗಿನದು ಎಂಬ ಅರ್ಥವಿಲ್ಲ, ಪಕ್ಕದ್ದು ಎಂದಷ್ಟೇ. ಕಛೇರಿಯ ನಡುವೆ ತನಿ ಆವರ್ತನದಲ್ಲಿ ಹಾಡುವವರು ಸುಮ್ಮನಾಗಿ ತಾಳ ಹಾಕುತ್ತಾ ಕೂರುತ್ತಾರೆ, ಸಭೆ ಮೃದಂಗದ್ದಾಗುತ್ತದೆ.

ಈ ಅಳತೆಗೋಲನ್ನು ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಿಗೆ ತಂದರೆ ಏನಾಗುತ್ತದೆ? ಮೊಹರಂ ಇಲ್ಲಿ ಬಾಬಯ್ಯನ ಹಬ್ಬ. ಪಂಜಾ ಹೊರಟಾಗ ಮುಂದೆ ತಮಟೆ ಬೇಕು. ಹರಕೆ ಹೊತ್ತವರಲ್ಲಿ ಹಿಂದೂಗಳೂ ಉಂಟು. ಇದನ್ನು ಕಂಡು ಭಾಷಣ ಮಾಡುವವರು, ಲೇಖನ ಬರೆಯುವವರು ಬಹಳ ಮಂದಿ. ತಮಟೆ ಬಡಿದವನ ಹೆಸರು ಬರೆದವರೆಷ್ಟು? ರಾತ್ರಿಯೆಲ್ಲ ಕೆಂಡದ ಕಾವಿನಲ್ಲಿ ಚರ್ಮ ಕಾಯಿಸಿ ಬಡಿದವನಿಗೆ ಕೊಡುವುದು ಗೊತ್ತುಮಾಡಿದ ಸಂಭಾವನೆಯೋ, ಕೊಟ್ಟಷ್ಟು ಇಸಕೊಳ್ಳಬೇಕಾದ ಇನಾಮೋ? ಊಟದ ಪಂಕ್ತಿಯಲ್ಲಿ ಅವನ ಜಾಗ ಎಲ್ಲಿ?

ಇನ್ನೂ ಕಠಿಣವಾದ ಪ್ರಶ್ನೆ ಒಂದಿದೆ. ಜಾತಿಯ ಬಿಟ್ಟಿಯಾಗಿ ತಮಟೆ ಬಡಿಯುವುದಿಲ್ಲ ಎಂದು ದಲಿತ ಚಳವಳಿಯ ಹುಡುಗರು ಹೇಳಿದ್ದಾರೆ. ಆಗ ಸಂಪ್ರದಾಯ ಕೆಟ್ಟಿತು, ಸೌಹಾರ್ದ ಹೋಯಿತು ಎಂದು ಮರುಗುವುದು ಸುಲಭ. ಮರಿಯಾನೊಗೆ ಬೇಡ ಎನ್ನುವ ಸ್ವಾತಂತ್ರ್ಯವಿತ್ತು, ಮಣಿಯವರಿಗೂ ಇತ್ತು. ಆದ್ದರಿಂದಲೇ ಅವರು ಕೂಡಿದ್ದಕ್ಕೆ ಬೆಲೆ. ಒಲ್ಲೆ ಎನ್ನಲಾಗದವನು ಕೂಡಿ ನುಡಿಸಿದರೆ ಅದು ಚಾಕರಿ. ಅದಕ್ಕೆ ಸೌಹಾರ್ದದ ಹೆಸರು ಒಪ್ಪುವುದಿಲ್ಲ.

ಹಬ್ಬ ನಿಲ್ಲಬೇಕಾಗಿಲ್ಲ, ತಮಟೆಯೂ ನಿಲ್ಲಬೇಕಾಗಿಲ್ಲ. ಬಾಬಯ್ಯನ ಹಬ್ಬ ನಡೆಸುವ ಹಿರಿಯರು ಮುಂಚಿತವಾಗಿ ಕೂತು ತಮಟೆಯವರೊಡನೆ ಸಂಭಾವನೆ ಗೊತ್ತುಮಾಡಲಿ, ಕರಪತ್ರದಲ್ಲಿ ಅವರ ಹೆಸರು ಹಾಕಿಸಲಿ, ಒಂದೇ ಪಂಕ್ತಿಯಲ್ಲಿ ಕೂರಿಸಲಿ. ಅವರು ಬರಲೊಲ್ಲೆವೆಂದರೆ ಮುನಿಯದೆ ಕಾರಣ ಕೇಳಲಿ. ಆಮೇಲೆ ಅವರು ಬಂದು ಬಡಿದರೆ, ಆ ಸದ್ದು ಬೇರೆಯಾಗಿಯೇ ಕೇಳೀತು.