ಸತ್ತ ಮೀನು, ಯೋಬನ ಗೆಳೆಯರು

ಬೈಬಲಿನ ಯೋಬನ ಮೂವರು ಗೆಳೆಯರು ಮೊದಲ ಏಳು ದಿನ ತಪ್ಪೇನೂ ಮಾಡಲಿಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತಿದ್ದವನ ಪಕ್ಕ ಏಳು ಹಗಲು, ಏಳು ರಾತ್ರಿ ಮಾತಿಲ್ಲದೆ ಕೂತರು. ಎಡವಟ್ಟಾದದ್ದು ಬಾಯಿ ತೆರೆದ ಮೇಲೆ. ಕಷ್ಟಕ್ಕೊಂದು ಕಾರಣ ಇರಲೇಬೇಕು, ನೀನು ಎಲ್ಲೋ ತಪ್ಪಿರಬೇಕು ಎಂದು ಎಲೀಫಜ, ಬಿಲ್ದದ, ಚೋಫರ ಸರದಿಯ ಮೇಲೆ ವಾದಿಸುತ್ತಾರೆ. ಹಳೆಯ ಒಡಂಬಡಿಕೆಯ ಆ ಗ್ರಂಥದಲ್ಲಿ ದೇವರು ಯೋಬನನ್ನೂ ಗದರದೆ ಬಿಡುವುದಿಲ್ಲ. ಆದರೆ ಕೊನೆಗೆ ಕೋಪ ತಿರುಗುವುದು ತನ್ನ ಪರವಾಗಿ ವಕಾಲತ್ತು ವಹಿಸಿದ ಈ ಗೆಳೆಯರ ಮೇಲೆಯೇ.

2013ರ ಮೇ ತಿಂಗಳಲ್ಲಿ ಅಮೆರಿಕದ ಆಲಿ ಬ್ರಾಶ್ ಹೆಚ್ಚೂಕಡಿಮೆ ಇದೇ ಪ್ರಸಂಗವನ್ನು, ಯೋಬನ ಹೆಸರೆತ್ತದೆ, ಮೀನುಗಳನ್ನಿಟ್ಟುಕೊಂಡು ಬರೆದರು. 'ಹೈಪರ್‌ಬೊಲಿ ಆ್ಯಂಡ್ ಎ ಹಾಫ್' ಎಂಬ ಅವರ ವೆಬ್‌ಕಾಮಿಕ್ ಶುರುವಾದದ್ದು 2009ರಲ್ಲಿ. ಚಿತ್ರಗಳು ಬೇಕೆಂದೇ ಒರಟು. ಕೊಳವೆಯಂಥ ಮೈ, ಗುಲಾಬಿ ಅಂಗಿ, ಉಬ್ಬಿದ ಕಣ್ಣು, ತಲೆಯ ಮೇಲೆ ಹಳದಿ ತ್ರಿಕೋನದ ಜುಟ್ಟು. ಇದು ಅವರೇ. ಸಾಕಿದ ನಾಯಿಯ ಪೆದ್ದುತನ, ಬಾಲ್ಯದ ಕೇಕಿನ ಹುಚ್ಚು ಬರೆದು ನಗಿಸುತ್ತಿದ್ದವರು 2011ರ ಅಕ್ಟೋಬರಿನಲ್ಲಿ ತಮ್ಮ ಖಿನ್ನತೆಯ ಕಥೆಯ ಮೊದಲ ಭಾಗ ಹೊರತಂದರು. ಆಮೇಲೆ ಸುಮಾರು ಒಂದೂವರೆ ವರ್ಷ ಸುದ್ದಿಯೇ ಇಲ್ಲ. ಮೀನುಗಳು ಬರುವುದು ಎರಡನೆಯ ಭಾಗದಲ್ಲಿ.

ನನ್ನ ಮೀನುಗಳು ಸತ್ತಿವೆ ಎನ್ನುತ್ತದೆ ಆ ಗುಲಾಬಿ ಅಂಗಿ. ಹೆದರಬೇಡ, ಹುಡುಕೋಣ, ಎಲ್ಲೋ ಇದ್ದಾವು ಎನ್ನುತ್ತಾರೆ ಎದುರಿಗಿದ್ದವರು. ಮೀನು ಕಳೆದಿಲ್ಲ, ಇಲ್ಲೇ ಇವೆ, ಸತ್ತಿವೆ ಅಷ್ಟೇ ಎಂದರೂ ಅವರ ಉತ್ಸಾಹ ತಗ್ಗುವುದಿಲ್ಲ. ಸತ್ತದ್ದು ಬ್ರಾಶ್ ಅವರ ಭಾವನೆಗಳು, ದುಃಖವೂ ಸೇರಿ. ಖಿನ್ನತೆಯೆಂದರೆ ಸದಾ ಅಳು ಎಂದುಕೊಂಡವರಿಗೆ, ಅಳುವೂ ಹುಟ್ಟದ ಸ್ಥಿತಿಯೊಂದಿದೆ ಎಂದು ಇಷ್ಟು ಚುರುಕಾಗಿ ತೋರಿಸಿದ ಚಿತ್ರ ಅಪರೂಪ.

ಮತಧರ್ಮಗಳಿಗೆ ಇಲ್ಲೊಂದು ಇಕ್ಕಟ್ಟಿದೆ. ನೋವಿಗೆ ಅರ್ಥವಿದೆ, ಕರ್ಮವೋ ಪರೀಕ್ಷೆಯೋ ಶುದ್ಧೀಕರಣವೋ ಎಂದು ಭರವಸೆ ಕೊಡುವುದು ಅವುಗಳ ಹಳೆಯ ಕಸುಬು. ಯಾವ ಅರ್ಥವೂ ಮನಸ್ಸಿಗೆ ತಾಕದವನಿಗೆ ಆ ಭರವಸೆ ಕೊಟ್ಟು ಏನು ಪ್ರಯೋಜನ? ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರ 'ದಿ ವೆರೈಟೀಸ್ ಆಫ್ ರಿಲಿಜಿಯಸ್ ಎಕ್ಸ್‌ಪೀರಿಯನ್ಸ್'ನಲ್ಲಿ ಸದಾ ಒಳ್ಳೆಯದನ್ನೇ ಕಾಣುವ ಧಾರ್ಮಿಕತೆಗಿಂತ ರೋಗಗ್ರಸ್ತ ಆತ್ಮದ ನೋಟವೇ ಅನುಭವದ ಹೆಚ್ಚು ಭಾಗವನ್ನು ಒಳಗೊಳ್ಳುತ್ತದೆ ಎಂದು ವಾದಿಸಿದರು. ತಮ್ಮದೇ ಭಯಂಕರ ಕುಸಿತವನ್ನು ಯಾರೋ ಫ್ರೆಂಚ್ ವ್ಯಕ್ತಿಯದೆಂಬಂತೆ ಅಲ್ಲಿ ಸೇರಿಸಿದರು. ಹಾರ್ವರ್ಡ್‌ನ ಪ್ರಾಧ್ಯಾಪಕರಿಗೂ ಒಂದು ಮುಖವಾಡ ಬೇಕಾಯಿತು! ಬ್ರಾಶ್ ಅವರ ಮುಖವಾಡಕ್ಕೆ ಹಳದಿ ಜುಟ್ಟಿದೆ, ಅದರಡಿಯಲ್ಲಿ ಅವರದೇ ಹೆಸರೂ ಇದೆ.

ಸಾಯಬೇಕೆನಿಸುತ್ತಿದೆ ಎಂದು ಅಮ್ಮನಿಗೂ ವೈದ್ಯರಿಗೂ ಹೇಳಬೇಕಾದ ಫಜೀತಿಯನ್ನೂ ಬ್ರಾಶ್ ಬರೆದಿದ್ದಾರೆ. ಕೇಳಿ ಗಾಬರಿಯಾದವರನ್ನು ತಾವೇ ಸಮಾಧಾನ ಮಾಡಬೇಕಾಗಿ ಬರುತ್ತದೆ. ಮುಂದೆ ಅಡುಗೆಮನೆಯ ನೆಲದ ಮೇಲೆ ಅಳುತ್ತ ಬಿದ್ದಿರುವಾಗ ಫ್ರಿಜ್ಜಿನ ಕೆಳಗೆ ಒಣಗಿ ಮುರುಟಿದ ಒಂದು ಜೋಳದ ಕಾಳು ಕಾಣುತ್ತದೆ. ತಡೆಯಲಾರದ ನಗು. ಅದರಲ್ಲಿ ನಗುವಂಥದ್ದು ಏನಿತ್ತು ಎಂದು ವಿವರಿಸಲು ಅವರಿಗೂ ಆಗುವುದಿಲ್ಲ.

ಭಕ್ತರು ಇದನ್ನು ಕೃಪೆ ಎನ್ನಬಹುದು. ಬ್ರಾಶ್ ಹಾಗೆನ್ನುವುದಿಲ್ಲ, ಎನ್ನದಿರುವುದೇ ಸರಿ. ಜೋಳದ ಕಾಳಿಗೆ ಕಾರಣ ಹಚ್ಚಿದೊಡನೆ ಎಲೀಫಜ ಮತ್ತೆ ಬಂದು ಪಕ್ಕದಲ್ಲಿ ಕೂರುತ್ತಾನೆ.

ಕಾಮಿಕ್‌ನ ಹೆಸರಲ್ಲೇ 2013ರಲ್ಲಿ ಮೊದಲ ಪುಸ್ತಕ ಬಂತು. ಮುಂದಿನದಕ್ಕೆ ಓದುಗರು 2020ರವರೆಗೆ ಕಾಯಬೇಕಾಯಿತು. ನಡುವೆ ಬ್ರಾಶ್ ತಂಗಿಯನ್ನು ಕಳೆದುಕೊಂಡಿದ್ದರು. 'ಸೊಲ್ಯೂಷನ್ಸ್ ಆ್ಯಂಡ್ ಅದರ್ ಪ್ರಾಬ್ಲಮ್ಸ್' ಎಂಬ ಆ ಎರಡನೆಯ ಪುಸ್ತಕದಲ್ಲಿ ತಂಗಿಯ ಸಾವಿನ ಪುಟಗಳಿವೆ, ಎಂದಿನ ಹುಚ್ಚಾಟಗಳೂ ಇವೆ. ಆದರೆ ಅದರಲ್ಲಿ ನಾಲ್ಕನೆಯ ಅಧ್ಯಾಯವೇ ಇಲ್ಲ, ಮೂರಾದ ಮೇಲೆ ಐದು. ಕೆಲವು ಸಲ ಎಲ್ಲವೂ ಆಗಬೇಕಾದ ಹಾಗೆ ಆಗುವುದಿಲ್ಲ ಎಂಬುದಷ್ಟೇ ಅದಕ್ಕೆ ಅವರು ಕೊಡುವ ಸಮಜಾಯಿಷಿ.