ವಿದ್ಯಾರ್ಥಿವೇತನ ಮತ್ತು ದಾಸೋಹ

ಎಮ್ಮಿಗನೂರಿನ ಒಕ್ಕಲಿಗ ಗೃಹಸ್ಥನೊಬ್ಬನು ಮಗಳನ್ನು ಖಾಸಗಿ ವಿಶ್ವವಿದ್ಯಾನಿಲಯಕ್ಕೆ ಕಳುಹಬಯಸಿದನೆನ್ನಿ. ಆಗ ಅವನಲ್ಲಿ ಎರಡು ಪ್ರಶ್ನೆಗಳೇಳುತ್ತವೆ: ನೆರವು ಕೇಳುವುದು ಭಿಕ್ಷೆಯಲ್ಲವೇ? ಆದಾಯವನ್ನು ತುಸು ಕಡಿಮೆ ಬರೆಯಿಸಿದರೆ ದೋಷವೇನು?

1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. ಅದು ಭಿಕ್ಷೆಯಲ್ಲ, ದಾಸೋಹ. ಕೊಟ್ಟವನಲ್ಲಿ ಅಹಂಕಾರವಿಲ್ಲದೆಡೆ ಪಡೆದವನಿಗೆ ಲಜ್ಜೆಯಿಲ್ಲ.

ಎರಡನೆಯದಕ್ಕೆ ಆಯ್ದಕ್ಕಿ ಲಕ್ಕಮ್ಮನೇ ಉತ್ತರವಿತ್ತಿದ್ದಾಳೆ. ಮಾರಯ್ಯನು ಅಂದಿಗೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಕೆ ಹಿಂದಕ್ಕೊಯ್ಯೆಂದಳು. ನೆರವಿನ ನಿಧಿಯೂ ಅಳತೆಯುಳ್ಳ ಕಣಜವೇ. ಸುಳ್ಳು ಆದಾಯಪತ್ರದಿಂದ ಪಡೆದ ಹಣವು ಬೇರೊಂದು ಮನೆಯ ಮಗುವಿನ ಪಾಲು.

ಆದುದರಿಂದ ಗೃಹಸ್ಥನು ವಿಚಾರಿಸಿಯೇ ಅರ್ಜಿ ಹಾಕತಕ್ಕದ್ದು. ವಿದ್ಯಾರ್ಥಿವೇತನವನ್ನು ಸಾಮಾನ್ಯವಾಗಿ ಹಿಂದಿರುಗಿಸಬೇಕಿಲ್ಲ, ಸಾಲವನ್ನು ತೀರಿಸಲೇಬೇಕು. ಶುಲ್ಕವಿನಾಯಿತಿಯಲ್ಲಿ ವಸತಿ, ಊಟದ ವೆಚ್ಚ ಸೇರದಿರಬಹುದು. ಪ್ರತಿಭೆಗೆ ಕೊಟ್ಟ ನೆರವು ಅಂಕಗಳು ಕುಂದಿದರೆ ನಿಲ್ಲಬಹುದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯದಂತಹ ಕಡೆ ಕುಟುಂಬದ ಆದಾಯವನ್ನು ನೋಡಿ ನೆರವೀಯುವ ಪದ್ಧತಿಯುಂಟು. ಅಲ್ಲಿ ನಿಜ ನುಡಿದವನಿಗೇ ನ್ಯಾಯ ಸಲ್ಲುವುದು.

ನಿಜವನ್ನೇ ಬರೆದು, ಬೇಕಾದಷ್ಟನ್ನೇ ಪಡೆದು, ಓದನ್ನು ಕಾಯಕವೆಂದು ನಡೆಸಿದವಳಿಗೆ ಆ ಹಣ ಪ್ರಸಾದವಾಗುವುದು. ಇಂದು ಪಂಕ್ತಿಯಲ್ಲಿ ಉಂಡವಳು ನಾಳೆ ಬಡಿಸಲು ನಿಂತರೆ ದಾಸೋಹವು ಪೂರ್ಣವಾಯಿತು.