ಬರೆಯದೇ ಉಳಿದ ಒಂದು ವಾಕ್ಯ

2020ರ ಮಾರ್ಚ್ 17ರಂದು ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಒಂದು ಸೂಚನೆ ಹೋಯಿತು. ಕೊರೊನಾ ರೋಗಿಗಳು ಬರಲಿದ್ದಾರೆ, ತುರ್ತಿಲ್ಲದವರನ್ನೆಲ್ಲ ಬಿಡುಗಡೆ ಮಾಡಿ ಹಾಸಿಗೆ ತೆರವು ಮಾಡಿ ಎಂಬುದು ಅದರ ಸಾರಾಂಶ. ಹಾಗೆ ಬಿಡುಗಡೆಯಾದವರಲ್ಲಿ ಸುಮಾರು 25,000 ಮಂದಿ ಏಪ್ರಿಲ್ 15ರೊಳಗೆ ಕೇರ್ ಹೋಮ್‌ಗಳನ್ನು, ಅಂದರೆ ವೃದ್ಧರೂ ಅಶಕ್ತರೂ ಬೇರೆಯವರ ಆರೈಕೆಯಲ್ಲಿ ಬದುಕುವ ಮನೆಗಳನ್ನು ಸೇರಿದರು. ಹೀಗೆ ಬರುವವರಿಗೆ ಸೋಂಕಿಲ್ಲ ಎಂಬ ಪರೀಕ್ಷಾ ವರದಿ ಬೇಕಿಲ್ಲ ಎಂದು ಏಪ್ರಿಲ್ 2ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿತ್ತು. ಪರೀಕ್ಷೆ ಮಾಡಿಯೇ ಕಳಿಸಬೇಕೆಂಬ ನಿಯಮ ಬಂದದ್ದು ಏಪ್ರಿಲ್ 15ಕ್ಕೆ.

ಮಾರ್ಚ್ ಆರಂಭದಿಂದ ಜೂನ್ ಮಧ್ಯದವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೇರ್ ಹೋಮ್‌ಗಳ ನಿವಾಸಿಗಳಲ್ಲಿ ಕೋವಿಡ್‌ಗೆ ಬಲಿಯಾದವರು 19,000ಕ್ಕೂ ಹೆಚ್ಚು.

ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಅಪ್ಪನನ್ನು ಕಳೆದುಕೊಂಡವರು, ಸರ್ಕಾರವನ್ನು ಲಂಡನ್ನಿನ ಹೈಕೋರ್ಟಿಗೆ ಎಳೆದರು. 2022ರ ಏಪ್ರಿಲ್ 27ರಂದು ಬಂದ ತೀರ್ಪು ಅವರ ಎಲ್ಲ ವಾದಗಳನ್ನೂ ಒಪ್ಪಲಿಲ್ಲ. ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪ ಬಿದ್ದುಹೋಯಿತು. ಆಸ್ಪತ್ರೆ ಖಾಲಿ ಮಾಡಿಸಿದ್ದೇ ತಪ್ಪು ಎಂದು ನ್ಯಾಯಾಲಯ ಹೇಳಲಿಲ್ಲ. ಪರೀಕ್ಷಾ ಕಿಟ್‌ಗಳ ಕೊರತೆ ಇದ್ದದ್ದನ್ನೂ ಅದು ಅರಿತಿತ್ತು. ಆದರೂ ಆ ಮಾರ್ಗಸೂಚಿಗಳು ಕಾನೂನುಬಾಹಿರ ಎಂದು ಅದು ಸಾರಿತು. ರೋಗಲಕ್ಷಣ ಇಲ್ಲದವರಿಂದಲೂ ಸೋಂಕು ಹರಡಬಹುದು, ಹಾಗೆ ಹರಡಿದರೆ ಆ ಮನೆಗಳ ಮುದುಕರ ಗತಿಯೇನು ಎಂಬುದನ್ನು ಅವುಗಳನ್ನು ಬರೆದವರು ಪರಿಗಣಿಸಲೇ ಇಲ್ಲ. ಪರೀಕ್ಷೆ ಸಾಧ್ಯವಿಲ್ಲದಿದ್ದರೆ ಬೇಡ, ಹೊಸದಾಗಿ ಬಂದವರನ್ನು ಆದಷ್ಟೂ 14 ದಿನ ಉಳಿದವರಿಂದ ಬೇರೆ ಇಡಿ ಎಂದಾದರೂ ಬರೆಯಬಹುದಿತ್ತು. ಆ ಒಂದು ವಾಕ್ಯ ಆ ಕಾಗದಗಳಲ್ಲಿ ಇರಲಿಲ್ಲ.

ನನ್ನನ್ನು ಬಹಳ ಕಾಡುವುದು ಈ ಅಂಶ. ಕ್ರೌರ್ಯವನ್ನು ಗುರುತಿಸುವುದು ಸುಲಭ, ದುರಾಸೆಯನ್ನು ಗುರುತಿಸುವುದೂ ಸುಲಭ. ಇಲ್ಲಿ ಎರಡೂ ಇರಲಿಲ್ಲ. ಆ ಕಾಗದ ಬರೆದವರ ಮುಂದೆ ಇಟಲಿಯ ಆಸ್ಪತ್ರೆಗಳ ಚಿತ್ರಗಳಿದ್ದವು. ತಮ್ಮ ಊರಿನಲ್ಲಿ ಹಾಗಾಗಬಾರದೆಂಬ ನಿಜವಾದ ಆತಂಕವಿತ್ತು. ಆ ಆತಂಕದಲ್ಲಿ ಆಸ್ಪತ್ರೆ ಕಣ್ಣಿಗೆ ಬಿತ್ತು, ಕೇರ್ ಹೋಮ್ ಬೀಳಲಿಲ್ಲ. ಅದು ರೋಗಿಗಳನ್ನು ಕಳಿಸುವ ಜಾಗವಾಗಿ ಮಾತ್ರ ಲೆಕ್ಕಕ್ಕೆ ಬಂತು. ಅಲ್ಲಿ ಆಗಲೇ ಬದುಕುತ್ತಿದ್ದವರು, ಪಕ್ಕದ ಕೋಣೆಗೆ ಯಾರು ಬಂದರೆಂದು ಕೇಳಲಾಗದವರು, ಹಲವರು ಸ್ವಂತ ಮಕ್ಕಳ ಹೆಸರನ್ನೂ ಮರೆತವರು, ಅವರು ಯಾರ ಲೆಕ್ಕದಲ್ಲೂ ಇರಲಿಲ್ಲ.

ತೀರ್ಪಿನ ನಂತರ ಪ್ರಧಾನಿ ಬೋರಿಸ್ ಜಾನ್ಸನ್ ಕ್ಷಮೆ ಕೇಳಿದರು. ಲಕ್ಷಣವಿಲ್ಲದೆ ಸೋಂಕು ಹರಡುವ ಬಗೆ ಆಗ ತಿಳಿದಿರಲಿಲ್ಲ ಎಂದೂ ಸೇರಿಸಿದರು. ಆದರೆ ಸರ್ಕಾರದ ಮುಖ್ಯ ವೈಜ್ಞಾನಿಕ ಸಲಹೆಗಾರ ಪ್ಯಾಟ್ರಿಕ್ ವ್ಯಾಲನ್ಸ್ 2020ರ ಮಾರ್ಚ್ 13ರಂದೇ ರೇಡಿಯೋದಲ್ಲಿ ಅಂಥ ಸಾಧ್ಯತೆ ಇದೆ ಎಂದಿದ್ದರು. ಖಚಿತವಾಗಿ ತಿಳಿಯದಿರುವುದು ಬೇರೆ, ಇರಬಹುದು ಎಂದು ತಿಳಿದೂ ಎಚ್ಚರ ವಹಿಸದಿರುವುದು ಬೇರೆ. ದುರ್ಬಲರನ್ನು ಕಾಯುವ ಹೊಣೆ ಹೊತ್ತವರು ಪುರಾವೆ ಪೂರ್ಣವಾಗುವವರೆಗೆ ಕಾಯುವಂತಿಲ್ಲ. ಅನುಮಾನದ ಲಾಭ ಆ ಮುದುಕರಿಗೆ ಸಲ್ಲಬೇಕಿತ್ತು.

ಇಷ್ಟು ಹೇಳಿ ಆಸ್ಪತ್ರೆಯಿಂದ ಬಂದವರೇ ಎಲ್ಲಕ್ಕೂ ಕಾರಣ ಎಂದು ನಿಲ್ಲಿಸಿದರೆ ಅದೂ ಅನ್ಯಾಯ. 2021ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ನಡೆಸಿದ ವಿಶ್ಲೇಷಣೆಯ ಪ್ರಕಾರ, ಆಸ್ಪತ್ರೆಯ ಬಿಡುಗಡೆಯಿಂದಲೇ ಶುರುವಾದವೆಂದು ಗುರುತಿಸಲಾದ ಸೋಂಕು ಸ್ಫೋಟಗಳು ಶೇ 1.6 ಮಾತ್ರ. ಪರೀಕ್ಷೆಯೇ ವಿರಳವಾಗಿದ್ದ ದಿನಗಳ ಲೆಕ್ಕ ಅದು, ಪೂರ್ತಿ ನಂಬುವುದು ಕಷ್ಟ. ಆದರೂ ವೈರಸ್ಸಿಗೆ ಬೇರೆ ದಾರಿಗಳೂ ಇದ್ದವು ಎಂಬುದು ಸುಳ್ಳಲ್ಲ. ವಿವಾಲ್ಡಿ ಎಂಬ ಸಮೀಕ್ಷೆ ಸಾವಿರಾರು ಕೇರ್ ಹೋಮ್‌ಗಳನ್ನು ವಿಚಾರಿಸಿ ಒಂದು ಸರಳ ಸಂಗತಿಯನ್ನು ತೋರಿಸಿಕೊಟ್ಟಿತು. ಕಾಯಿಲೆ ಬಿದ್ದ ಸಿಬ್ಬಂದಿಗೆ ರಜೆಯ ಸಂಬಳ ಕೊಡುತ್ತಿದ್ದ ಮನೆಗಳಲ್ಲಿ ನಿವಾಸಿಗಳಿಗೆ ಸೋಂಕು ಕಡಿಮೆ. ಏಜೆನ್ಸಿಯಿಂದ ದಿನಗೂಲಿಯಂತೆ ಬಂದುಹೋಗುವವರನ್ನು ಹೆಚ್ಚು ನೆಚ್ಚಿಕೊಂಡ ಮನೆಗಳಲ್ಲಿ ಹೆಚ್ಚು.

ಇದರ ಹಿಂದಿನ ಬದುಕನ್ನು ಊಹಿಸಿಕೊಳ್ಳಿ. ಮೈ ಬಿಸಿಯಾಗಿದೆ, ಗಂಟಲು ಕೆರೆಯುತ್ತಿದೆ. ಮನೆಯಲ್ಲೇ ಉಳಿದರೆ ಆಗಿನ ಕಾನೂನಿನ ಪ್ರಕಾರ ಸಿಗುವುದು ವಾರಕ್ಕೆ 100 ಪೌಂಡಿಗೂ ಕಡಿಮೆ. ಬಾಡಿಗೆ ಕಟ್ಟಬೇಕು. ಒಂದು ಮನೆಯಲ್ಲಿ ಬೆಳಗಿನ ಪಾಳಿ, ಇನ್ನೊಂದರಲ್ಲಿ ರಾತ್ರಿಯದು. ಈ ಸಿಬ್ಬಂದಿಯಲ್ಲಿ ದೂರದೇಶಗಳಿಂದ ಹೋದವರು ಬಹಳ. ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಬ್ರಿಟನ್ನಿನಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳಿಗೂ ಈ ಲೋಕ ಅಪರಿಚಿತವಲ್ಲ. ಯಾರದೋ ತಾಯಿಗೆ ಸ್ನಾನ ಮಾಡಿಸಿ, ತುತ್ತು ತಿನ್ನಿಸಿ, ಕೊನೆಯ ಉಸಿರಿನ ಹೊತ್ತಿಗೆ ಕೈ ಹಿಡಿದು ಕೂತವರು ಇವರು. 2020ರ ಜುಲೈನಲ್ಲಿ ಪ್ರಧಾನಿ, ಬಹಳಷ್ಟು ಕೇರ್ ಹೋಮ್‌ಗಳು ಕ್ರಮಗಳನ್ನು ಸರಿಯಾಗಿ ಪಾಲಿಸಲಿಲ್ಲ ಎಂದಾಗ ಇವರಿಗೆಲ್ಲ ಆದ ನೋವು ಸಣ್ಣದಲ್ಲ. ಕಾಯುವವರನ್ನು ಸಮಾಜ ಅಗ್ಗದಲ್ಲಿ ಕೊಂಡು, ಕಾವಲು ತಪ್ಪಿದಾಗ ಅವರ ಕಡೆಗೇ ಬೆರಳು ತೋರಿಸಿತು. ಮುದುಕರ ಸುರಕ್ಷತೆಯೂ ಆ ಕೆಲಸಗಾರರ ರಜೆಯ ಸಂಬಳವೂ ಒಂದೇ ಪ್ರಶ್ನೆ ಎಂದು ನಾನು ತಿಳಿಯುತ್ತೇನೆ.

ಆಮೇಲೆ ಬಂದದ್ದು ಎಚ್ಚರ, ಅದೂ ಅತಿಯಾಗಿ ಬಂತು. ಬಾಗಿಲುಗಳು ಮುಚ್ಚಿದವು, ತಿಂಗಳುಗಟ್ಟಲೆ. ಹೆಂಡತಿ ಹೊರಗೆ ತೋಟದಲ್ಲಿ, ಗಂಡ ಒಳಗೆ ಗಾಜಿನಾಚೆ. ಮರೆವಿನ ಕಾಯಿಲೆಯವರಿಗೆ ಗಾಜು ಅರ್ಥವಾಗುವುದಿಲ್ಲ. ದಿನವೂ ಬರುತ್ತಿದ್ದವಳು ಯಾಕೆ ಒಳಗೆ ಬರುತ್ತಿಲ್ಲ, ಸಿಟ್ಟಾಗಿದ್ದಾಳೆಯೇ? ಊಟ ಬಿಟ್ಟವರಿದ್ದರು, ಮಾತು ಬಿಟ್ಟವರಿದ್ದರು. ಮೊದಲು ಅವರನ್ನು ಮರೆತು ಬಾಗಿಲು ತೆರೆದರು, ಬಳಿಕ ಅವರನ್ನು ಕೇಳದೆ ಬಾಗಿಲು ಹಾಕಿದರು. ಎರಡು ನಿರ್ಧಾರಗಳೂ ಅವರ ಹೆಸರಿನಲ್ಲಿ ನಡೆದವು, ಎರಡರಲ್ಲೂ ಅವರ ದನಿ ಇರಲಿಲ್ಲ. ತೊಂಬತ್ತರ ಹರೆಯದವರಿಗೆ ಉಳಿದಿರುವುದು ಒಂದೋ ಎರಡೋ ಚಳಿಗಾಲ. ಅದನ್ನು ಮಗಳ ಮುಖ ನೋಡದೆ ಕಳೆಯಬೇಕೆಂದು ತೀರ್ಮಾನಿಸುವವರು ಆ ತೀರ್ಮಾನದ ಭಾರವನ್ನೂ ತಾವೇ ಹೊರಬೇಕು, ವೈರಸ್ಸಿನ ಮೇಲೆ ಹೊರಿಸಬಾರದು.

ಮರೆತದ್ದು ಅನಿವಾರ್ಯವಾಗಿತ್ತೆಂದು ಯಾರಾದರೂ ಹೇಳಿದರೆ ನಾನು 2020ರ ಡಿಸೆಂಬರನ್ನು ತೋರಿಸುತ್ತೇನೆ. ಲಸಿಕೆ ಬಂದಾಗ ಅದೇ ದೇಶದ ತಜ್ಞರ ಸಮಿತಿ ಆದ್ಯತೆಯ ಪಟ್ಟಿ ಬರೆಯಿತು. ಪಟ್ಟಿಯ ಮೊಟ್ಟಮೊದಲ ಸಾಲಿನಲ್ಲಿ ಇದ್ದವರು ಕೇರ್ ಹೋಮ್‌ಗಳ ವೃದ್ಧರು ಮತ್ತು ಅವರನ್ನು ನೋಡಿಕೊಳ್ಳುವವರು, ಇಬ್ಬರೂ ಒಟ್ಟಿಗೆ.

ಕೋವಿಡ್ ಕುರಿತ, ಬ್ಯಾರನೆಸ್ ಹ್ಯಾಲೆಟ್ ನೇತೃತ್ವದ ಸಾರ್ವಜನಿಕ ವಿಚಾರಣಾ ಆಯೋಗ 2025ರ ಬೇಸಿಗೆಯಲ್ಲಿ ಕೇರ್ ಹೋಮ್‌ಗಳ ವಿಚಾರವನ್ನೇ ಹಿಡಿದು ಸಾಕ್ಷಿಗಳನ್ನು ಆಲಿಸಿತು. ಅದಕ್ಕೆ ಮೊದಲೇ, 2024ರ ಏಪ್ರಿಲ್‌ನಿಂದ, ಇಂಗ್ಲೆಂಡಿನಲ್ಲಿ ಹೊಸ ನಿಯಮ ಜಾರಿಯಲ್ಲಿದೆ. ಕೇರ್ ಹೋಮ್‌ನಲ್ಲಿರುವವರನ್ನು ಅವರಿಗೆ ಬೇಕಾದವರು ಬಂದು ನೋಡಲು ಅವಕಾಶ ಕೊಡಲೇಬೇಕು, ಅಸಾಧಾರಣ ಸಂದರ್ಭವನ್ನು ಬಿಟ್ಟು. ಮಹಾಮಾರಿ ಮತ್ತೆ ಬಂದರೆ ಎಲ್ಲರೂ ಮೊದಲು ಹುಡುಕುವುದು ಆ ಕೊನೆಯ ಮೂರು ಪದಗಳನ್ನೇ. ಯಾವುದು ಅಸಾಧಾರಣ, ಅದನ್ನು ಯಾರು ಹೇಳಬೇಕು, ಹೇಳುವ ಮುನ್ನ ಒಳಗಿರುವವರನ್ನು ಹೇಗೆ ಕೇಳಬೇಕು ಎಂಬುದನ್ನು ಅವಸರವಿಲ್ಲದ ಈ ದಿನಗಳಲ್ಲೇ ಬರೆದಿಡಬಹುದು.